ಕೊಂಬಣ್ಣನ ಗಾಳಿ ವ್ಯಾಪಾರ

ಅವನಿಗೆ ಕೊಂಬಣ್ಣ ಎಂಬ ಹೆಸರು ಬಂದದ್ದು ಅಹಂಕಾರದಿಂದಲ್ಲ, ಅಂಗಡಿಯಿಂದ. ನಡುವೆ ಅಂಗಳ, ಸುತ್ತಲೂ ಮನೆಗಳು, ಪ್ರತಿ ಮಹಡಿಗೂ ಕಬ್ಬಿಣದ ಕಟಕಟೆಯ ಓಣಿ ಇರುವ ಹಳೆಯ ಕಟ್ಟಡ ಅದು. ಅಂಗಳದ ಮೂಲೆಯಲ್ಲಿ ಅವನ ಅಂಗಡಿ. ಗಾಜಿನ ಕಪಾಟಿನಲ್ಲಿ ಎರಡು, ನಾಲ್ಕು, ಎಂಟು ಆಂಟೆನಾಗಳ ವೈಫೈ ಪೆಟ್ಟಿಗೆಗಳು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ದನಗಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಆಂಟೆನಾ ಎನ್ನುವಷ್ಟು ಪುರುಸೊತ್ತು ಕಟ್ಟಡದವರಿಗಿರಲಿಲ್ಲ, ಕೊಂಬು ಎಂದರು. ಪಕ್ಕದ ಮನೆಗೆ ನಾಲ್ಕು ಕೊಂಬಿನದು ಬಂದರೆ ಈ ಮನೆಯಾಕೆ ಗಂಡನನ್ನು ಕೇಳುತ್ತಿದ್ದಳು: "ಅವರಿಗೇನು ಕೊಂಬು ಬಂದಿದ್ಯಾ?" ಬಂದಿರುವುದು ಕಣ್ಣಿಗೇ ಕಾಣುತ್ತಿದ್ದುದರಿಂದ ಗಂಡ ಮರುಮಾತಾಡದೆ ಅಂಗಡಿಗೆ ಬಂದು ಎಂಟು ಕೊಂಬಿನದನ್ನೇ ಒಯ್ಯುತ್ತಿದ್ದ.

ಕೊಂಬಣ್ಣ ಮದುವೆಯಾಗಿರಲಿಲ್ಲ. "ಮನೇಲಿ ವೈಫ್ ಇಲ್ಲ, ಮಹಡಿಗೊಂದು ವೈಫೈ" ಎಂದು ಅವನನ್ನು ಛೇಡಿಸುತ್ತಿದ್ದವರು ಕಟ್ಟಡದ ಸಂಘದ ಕಾರ್ಯದರ್ಶಿ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಜೀವಮಾನವಿಡೀ ಅಂಗಡಿಗಳ ತಕ್ಕಡಿ ನೋಡಿದ ಕಣ್ಣು ಈಗ ಫೋನಿನ ಮೂಲೆಯ ಸಿಗ್ನಲ್ ಕಡ್ಡಿಗಳನ್ನು ಎಣಿಸುತ್ತಿತ್ತು. ಒಂದು ಕಡ್ಡಿ ಇಳಿದರೂ ಕೊಂಬಣ್ಣನಿಗೆ ಕರೆ ಬರುತ್ತಿತ್ತು. "ಏನಪ್ಪಾ, ನಿನ್ನ ನೆಟ್ಟು ನೆಟ್ಟಗಿಲ್ವಲ್ಲ."

ಆ ನೆಟ್ಟು ಗಾಳಿಯಲ್ಲೇ ನಿಂತದ್ದಕ್ಕೂ ಒಂದು ಕಾರಣವಿತ್ತು. ಹಿಂದೆ ಕಟಕಟೆಗಳ ತುಂಬ ಕೇಬಲ್ಲುಗಳು ಬಟ್ಟೆ ಒಣಹಾಕುವ ಹಗ್ಗಗಳ ಹಾಗೆ ಜೋತುಬಿದ್ದಿದ್ದವು. ಸಂಘದ ಸಭೆಯಲ್ಲಿ ಎದ್ದುನಿಂತು "ತಂತಿ ಕಾಲ ಮುಗೀತು ಸಾರ್, ನೆಲಮಹಡಿಯಿಂದ ಮೇಲೆ ಒಂದೇ ಒಂದು ತಂತಿಯೂ ಬೇಡ" ಎಂದು ಭಾಷಣ ಮಾಡಿ ನಿಯಮ ಮಾಡಿಸಿದವನು ಕೊಂಬಣ್ಣನೇ. ತಂತಿ ಅವನ ಅಂಗಡಿಯವರೆಗೆ ಮಾತ್ರ. ಅಲ್ಲಿಂದ ಮೇಲೆ ಮಹಡಿಗೊಂದು ಪೆಟ್ಟಿಗೆ, ಒಂದರ ಕೈಯಿಂದ ಇನ್ನೊಂದಕ್ಕೆ ಗಾಳಿಯಲ್ಲೇ ದಾಟಿಸುವ ಏರ್ಪಾಡು. ಮನೆಯೊಳಗೆ ಸಿಗ್ನಲ್ ಸಾಲದೆ ಬಂದವರಿಗೆ ಕೊಂಬಿನ ಪೆಟ್ಟಿಗೆ. ಹೀಗೆ ಗಾಳಿ ಮಾರಿ ಬದುಕುತ್ತಿದ್ದ ಅವನಿಗೆ, ಗಾಳಿಯೂ ಮುಗಿದುಹೋಗುವ ಸರಕು ಎಂದು ತಿಳಿದದ್ದು ಅಕ್ಕನ ದೆಸೆಯಿಂದ.

ಅಕ್ಕ ಇದ್ದದ್ದು ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ, ಒಬ್ಬಳೇ. ಮೊಣಕಾಲು ಹಿಡಿದುಕೊಂಡಿದ್ದರಿಂದ ಕೆಳಗಿಳಿಯುವುದು ಅಪರೂಪ. ಅವರಿಬ್ಬರ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಮಕ್ಕಳು ಬಾಯಿಗಿಂತ ಮೊದಲು ಕೈಯಲ್ಲಿ ಮಾತು ಕಲಿತರು. ಕೈಮಾತಿನಲ್ಲಿ ಕೈ ಅರ್ಧ ಹೇಳಿದರೆ ಮುಖ ಇನ್ನರ್ಧ ಹೇಳುತ್ತದೆ, ಹಾಗಾಗಿ ಅಮ್ಮನ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ. ತಾಯಿ ಹೋದ ಮೇಲೂ ಅಕ್ಕ ಆ ಮಾತನ್ನು ಬಿಡಲಿಲ್ಲ. ಓದಿ, ಪರೀಕ್ಷೆ ಕಟ್ಟಿ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡಳು. ದೂರದ ಆಸ್ಪತ್ರೆಯಲ್ಲಿ ಕಿವಿ ಕೇಳದ ರೋಗಿ ಬಂದರೆ ವೈದ್ಯರು ವಿಡಿಯೊ ಕರೆ ಮಾಡುತ್ತಾರೆ. ಅವರ ಮಾತನ್ನು ಅಕ್ಕ ಪರದೆಯ ಮೇಲೆ ಕೈಯಲ್ಲಿ ಹೇಳುತ್ತಾಳೆ. ಊರೂರು ಅಲೆಯಬೇಕಾಗಿದ್ದ ಮೊಣಕಾಲಿನ ಕೆಲಸವನ್ನು ತಮ್ಮನ ಅಲೆಗಳು ಮಾಡುತ್ತಿದ್ದವು.

ಆ ಬೆಳಿಗ್ಗೆ ಪರದೆಯ ಮೇಲಿದ್ದವನು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದ ಒಬ್ಬ ಬಡಗಿ. ವೈದ್ಯರು ಹೇಳಿದರು: "ಆಪರೇಷನ್ ಮುಗಿಯೋವರೆಗೆ ನೀರು ಕುಡಿಯೋದು ಬೇಡ." ಕೈಮಾತಿನಲ್ಲೂ ನಮ್ಮ ಮಾತಿನ ಹಾಗೆ ಬೇಡ ಬರುವುದು ಕೊನೆಯಲ್ಲೇ. ಅಕ್ಕ ಆಪರೇಷನ್ ಎಂದಳು, ಹೆಬ್ಬೆರಳನ್ನು ತುಟಿಗೆ ತಂದು ನೀರು ಎಂದಳು, ಕುಡಿಯುವುದು ಎಂದಳು. ಅಂಗೈ ಬಿಡಿಸಿ, ಎದೆಯ ಮುಂದೆ ಆಡಿಸಿ ಬೇಡ ಎನ್ನುವಷ್ಟರಲ್ಲಿ ಆ ಕಡೆಯ ಪರದೆಯಲ್ಲಿ ಚಿತ್ರ ಹೆಪ್ಪುಗಟ್ಟಿತು, ಈ ಕಡೆ ಅವಳಿಗದು ಗೊತ್ತಾಗಲಿಲ್ಲ. ಬಡಗಿಗೆ ಕಂಡದ್ದು ತುಟಿಯ ಬಳಿ ನಿಂತ ಹೆಬ್ಬೆರಳು ಮಾತ್ರ. ಅವನು ತಲೆಯಾಡಿಸಿದ. ವೈದ್ಯರು ಅರ್ಥವಾಯಿತೆಂದುಕೊಂಡು ಎದ್ದುಹೋದರು. ಅವನು ಹೂಜಿ ತುಂಬ ನೀರು ಕುಡಿದ. ಶಸ್ತ್ರಚಿಕಿತ್ಸೆ ನಿಂತುಹೋಯಿತು, ನೋವು ನಿಲ್ಲಲಿಲ್ಲ.

ಆಸ್ಪತ್ರೆಯವರು ಅಕ್ಕನನ್ನು ಬಯ್ಯಲಿಲ್ಲ. ಚಿತ್ರ ನಿಲ್ಲದಂಥ ಸಂಪರ್ಕ ಇದೆಯೆಂದು ಮುಂದಿನ ವಾರ ಪರೀಕ್ಷಾ ಕರೆಯಲ್ಲಿ ತೋರಿಸಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಅವನು ನನ್ನ ಕೈ ನಂಬಿ ಕುಡಿದ ಕಣೋ" ಎಂದಳು, ಅಷ್ಟೇ.

ಕೊಂಬಣ್ಣ ಲ್ಯಾಪ್‌ಟಾಪ್ ಹಿಡಿದು ಮಹಡಿ ಮಹಡಿ ಸುತ್ತಿದ. ಪೆಟ್ಟಿಗೆ ಕೆಟ್ಟಿರಲಿಲ್ಲ, ಲೈನು ಕೆಟ್ಟಿರಲಿಲ್ಲ. ಕೆಟ್ಟದ್ದು ಗಾಳಿ. ಒಂದೇ ಗಾಳಿಯಲ್ಲಿ ಒಂದು ಪೆಟ್ಟಿಗೆ ಮಾತಾಡುವಾಗ ಉಳಿದವು ಬಾಯಿ ಮುಚ್ಚಿ ಕಾಯಬೇಕು. ಮೆಲ್ಲಗೆ ಮಾತಾಡಿದರೆ ಪಕ್ಕದ ಮನೆಯದಷ್ಟೇ ಕಾಯುತ್ತದೆ. ಕಿರುಚಿದರೆ ಇಡೀ ಕಟ್ಟಡ ಕಾಯುತ್ತದೆ. ಎಲ್ಲ ಮನೆಗಳಲ್ಲೂ ಈಗ ಕಿರುಚುವ ಕೊಂಬುಗಳೇ. ಅವನ್ನು ಮಾರಿ, ಮನೆಮನೆಗೆ ಹೋಗಿ, ಸಿಗ್ನಲ್ಲಿನ ದನಿಯನ್ನು ಪೂರ್ತಿ ಏರಿಸಿಕೊಟ್ಟು ಬಂದವನು ಇವನೇ. ವೈಫೈ ವೈಫಲ್ಯಕ್ಕೆ ಬೇರೆ ಯಾರ ಕಡೆಗೂ ಬೆರಳು ತೋರಿಸುವಂತಿರಲಿಲ್ಲ.

ಸ್ವಲ್ಪ ತಗ್ಗಿಸಿಕೊಳ್ಳಿ ಎಂದು ಬಾಗಿಲು ಬಾಗಿಲಿಗೆ ಹೋಗಿ ಕೇಳಿದ. "ಎಂಟು ಕೊಂಬು ತಗೊಂಡು ಎರಡು ಕೊಂಬಿನವರ ಥರ ಇರಬೇಕಾ?" ಎಂದಳೊಬ್ಬಳು. "ಎದುರು ಮನೆಯವರು ಮೊದಲು ತಗ್ಗಿಸಲಿ" ಎಂದ ಇನ್ನೊಬ್ಬ; ಎದುರು ಮನೆಯವನೂ ಅದನ್ನೇ ಅಂದ. ಕೊನೆಗೆ ಕಾರ್ಯದರ್ಶಿಗಳ ಹತ್ತಿರ ಹೋದ.

"ಅಕ್ಕನ ಮನೆಗೆ ಒಂದೇ ಒಂದು ತಂತಿ ಎಳ್ಕೊಳ್ಲಾ ಸಾರ್?"

"ನೆಲಮಹಡಿಯಿಂದ ಮೇಲೆ ಒಂದೇ ಒಂದು ತಂತಿಯೂ ಬೇಡ" ಎಂದರು ಅವರು, ಕಣ್ಣು ಮುಚ್ಚಿಕೊಂಡು, ಪದ್ಯ ಒಪ್ಪಿಸುವ ಹಾಗೆ. "ಎಷ್ಟು ಚೆನ್ನಾಗಿ ಹೇಳಿದ್ದೆ ನೀನು."

ಪರೀಕ್ಷೆಯ ದಿನ ಬೆಳಿಗ್ಗೆ ಕೊಂಬಣ್ಣ ಅಂಗಡಿಯ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಪರದೆ ನೋಡಿದ. ಹಾಕಿಕೊಟ್ಟ ಪೆಟ್ಟಿಗೆಗಳಿಗೆಲ್ಲ ಅವನು ಒಂದೇ ಪಾಸ್‌ವರ್ಡ್ ಇಟ್ಟಿದ್ದ. ರಿಪೇರಿಗೆ ಸುಲಭವಾಗಲಿ ಎಂದು. ಅಂದರೆ ಇಡೀ ಕಟ್ಟಡದ ಬೀಗಕ್ಕೆ ಒಂದೇ ಕೀಲಿ, ಅದು ಅವನ ಜೇಬಿನಲ್ಲಿ. ಯಾರನ್ನೂ ಕೇಳದೆ ಒಂದೊಂದೇ ಮನೆಯ ಪೆಟ್ಟಿಗೆಯ ದನಿ ತಗ್ಗಿಸಿದ. ಮೇಲೆ ಅಕ್ಕನ ಕರೆ ನೀರಿನ ಹಾಗೆ ಹರಿಯಿತು. ಕಟಕಟೆಗೆ ಬಂದು ಅವಳು ಕೆಳಗಿದ್ದ ತಮ್ಮನಿಗೆ ಕೈಯಲ್ಲಿ ಹೇಳಿದಳು: ಪಾಸು.

ತಮಾಷೆಯೆಂದರೆ, ಅಂದು ಎಲ್ಲರ ನೆಟ್ಟೂ ಹಿಂದೆಂದಿಗಿಂತ ಚುರುಕಾಗಿತ್ತು. ಆದರೆ ಫೋನಿನಲ್ಲಿ ನಾಲ್ಕಿದ್ದ ಕಡ್ಡಿ ಮೂರಾಗಿತ್ತು. ಚುರುಕು ಯಾರಿಗೂ ಕಾಣಲಿಲ್ಲ, ಕಡ್ಡಿ ಎಲ್ಲರಿಗೂ ಕಂಡಿತು. ಸಂಜೆಗೆ ಅಂಗಳದಲ್ಲಿ ಜನ ನೆರೆದರು. ಮುಂದೆ ಕಾರ್ಯದರ್ಶಿಗಳು, ಫೋನನ್ನು ಕಲಬೆರಕೆ ಮಾಲಿನ ಹಾಗೆ ಎತ್ತಿಹಿಡಿದು.

"ವಿಡಿಯೊ ಸಲೀಸಾಗಿ ಓಡ್ತಿದ್ಯಲ್ಲ ಸಾರ್?"

"ಓಡೋದು ಬಿಡಪ್ಪ. ತೂಕದಲ್ಲಿ ಒಂದು ಕಡ್ಡಿ ಹೊಡೆದಿದ್ದೀಯಲ್ಲ, ಅದು ಹೇಳು."

"ಅದು... ಕಂಪನಿಯವರು ಏನೋ ಬದಲಾಯಿಸಿರಬೇಕು ಸಾರ್."

ಗದ್ದಲ ಕೇಳಿ ಮೇಲೆ ಅಕ್ಕ ಕಟಕಟೆಗೆ ಬಂದಿದ್ದಳು. ಏನು ಗಲಾಟೆ ಎಂದು ಕೈಯಲ್ಲಿ ಕೇಳಿದಳು. ಏನಿಲ್ಲ ಎಂದು ಇವನು ಕೈಯಾಡಿಸಿದ. ಮುಖ ಮಾತ್ರ ಬೇರೆಯದನ್ನೇ ಹೇಳಿತು. ಮೂರು ಮಹಡಿ ಮೇಲಿಂದ ಅಕ್ಕ ಅದನ್ನು ಓದಿದಳು.

ನೀನು ಇಳಿಸಿದ್ಯಾ? ಅವಳ ಕೈ ಕೇಳಿತು.

ನಿನ್ನ ಕೆಲಸಕ್ಕೋಸ್ಕರ.

ಅವರಿಗೆ ಹೇಳಿ ಇಳಿಸಿದ್ಯಾ?

ಹೇಳಿದ್ರೆ ಬೇಡ ಅಂತಿದ್ರು.

ಅಕ್ಕನ ಕೈಗಳು ನಿಧಾನವಾಗಿ ಹೇಳಿದವು: ಅವತ್ತು ನಿನ್ನ ಗಾಳಿ ಒಂದು ಬೇಡವನ್ನ ನುಂಗಿತು. ಇವತ್ತು ಇವರ ಬೇಡವನ್ನೆಲ್ಲ ನೀನೇ ನುಂಗಿದ್ದೀಯ. ಹೇಳು.

ಕೆಲಸ ಹೋಗತ್ತೆ ಅಕ್ಕ.

ಹೇಳು.

ಜನ ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡುತ್ತಿದ್ದರು. "ಏನಂತೆ ನಿಮ್ಮಕ್ಕಂದು?" ಎಂದರು ಕಾರ್ಯದರ್ಶಿಗಳು. ಕೊಂಬಣ್ಣ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ: ಕಂಪನಿಯಲ್ಲ, ನಾನೇ, ನಿಮ್ಮ ಪೆಟ್ಟಿಗೆಗಳ ಕೀಲಿ ನನ್ನ ಹತ್ತಿರವಿದೆ, ಅಕ್ಕನ ಕೆಲಸಕ್ಕಾಗಿ ಇಳಿಸಿದೆ.

"ನಮ್ಮನೆ ಒಳಗೆ ಇಲ್ಲಿಂದಲೇ ಬರೋಕಾಗತ್ತಾ ನಿಂಗೆ?" ಎಂದು ಒಬ್ಬಾಕೆ ಕೇಳಿ, ಉತ್ತರಕ್ಕೆ ಕಾಯದೆ ಮಗುವನ್ನೆತ್ತಿಕೊಂಡು ಹೋದಳು. ಮರುದಿನ ಹೊರಗಿನವನೊಬ್ಬ ಬಂದು ಮನೆಮನೆಯ ಪಾಸ್‌ವರ್ಡ್ ಬದಲಿಸಿದ. ಕೊಂಬುಗಳು ಮತ್ತೆ ಪೂರ್ತಿ ಗಂಟಲಲ್ಲಿ ಕಿರುಚತೊಡಗಿದವು. ಕಡ್ಡಿಗಳು ನಾಲ್ಕಾದವು, ಕಾರ್ಯದರ್ಶಿಗಳು ತೃಪ್ತರಾದರು, ಸಂಜೆಯ ಹೊತ್ತು ಯಾರ ಮನೆಯಲ್ಲೂ ಯಾವ ವಿಡಿಯೊವೂ ಓಡಲಿಲ್ಲ.

ಅಕ್ಕ ಆಸ್ಪತ್ರೆಗೆ ತಾನೇ ಕರೆ ಮಾಡಿ, "ಅವತ್ತು ನೀವು ನೋಡಿದ್ದು ನನ್ನ ಲೈನಲ್ಲ, ಇನ್ನೊಂದು ಸಲ ನೋಡಿ" ಎಂದಳು. ಆಮೇಲೆ ಗೋಡೆ ಹಿಡಿದು ಮೆಟ್ಟಿಲಿಳಿದು ಅಂಗಡಿಗೆ ಬಂದಳು. ಕಪಾಟನ್ನು ಒಂದು ಸಲ, ತಮ್ಮನನ್ನು ಒಂದು ಸಲ ನೋಡಿದಳು.

"ತಂತಿ ಇಲ್ಲೀವರೆಗೆ ಬರತ್ತೆ ತಾನೆ?"

"ಬರತ್ತೆ. ನಿನ್ನ ಮೊಣಕಾಲು?"

"ಅದೂ ಬರತ್ತೆ. ಈ ದನಗಳನ್ನ ಆ ಕಡೆ ಕಟ್ಟು. ಇಲ್ಲಿ ಅಡ್ಡಗೋಡೆ ಆಗಬೇಕು. ನನ್ನ ರೋಗಿಗಳ ಮಾತು ನಿನ್ನ ಗಿರಾಕಿಗಳಿಗೆ ಕಾಣಬಾರದು."

ಅರ್ಧ ಅಂಗಡಿ ಹೋಯಿತು. ಪ್ಲೈವುಡ್ ಗೋಡೆಯ ಹಿಂದೆ ಅಕ್ಕನ ಮೇಜು, ಅದಕ್ಕೆ ಒಂದು ಮಾರುದ್ದದ ತಂತಿ. ಆಸ್ಪತ್ರೆಯವರು ಮತ್ತೊಮ್ಮೆ ನೋಡಿ, ಸದ್ಯಕ್ಕೆ ಇರಲಿ ಎಂದರು. ಸದ್ಯಕ್ಕೆ ಎಂದರೆ ಎಷ್ಟು ದಿನವೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಮೊಣಕಾಲು ಊದಿಕೊಂಡಿತು.

ಒಂದು ಮಧ್ಯಾಹ್ನ ಎರಡನೆಯ ಮಹಡಿಗೆ ಹೊಸದಾಗಿ ಬಂದ ಗಂಡಹೆಂಡಿರು ಎಂಟು ಕೊಂಬಿನದು ಕೇಳಿದರು.

"ಬೇಡ" ಎಂದ ಕೊಂಬಣ್ಣ.

"ಸ್ಟಾಕ್ ಇಲ್ವಾ ಅಣ್ಣ?"

"ಇದೆ. ಅದು ಬೇಡ. ಎರಡರದ್ದು ಸಾಕು ನಿಮಗೆ."

ಅವರು ಮುಖ ಮುಖ ನೋಡಿಕೊಂಡು ರಸ್ತೆಯಾಚೆಯ ಅಂಗಡಿಗೆ ಹೋದರು. ಸಂಜೆ ಅಕ್ಕ ಕೆಲಸ ಮುಗಿಸಿ ಏಳುವ ಹೊತ್ತಿಗೆ ಗಂಡ ವಾಪಸು ಬಂದ, ಕೈಯಲ್ಲಿ ದೊಡ್ಡ ಡಬ್ಬ. "ಅಲ್ಲಿ ತಗೊಂಡ್ವಿ ಅಣ್ಣ. ಹಾಕೋಕೆ ಅವರ ಕಡೆ ಜನ ಇಲ್ವಂತೆ. ಸ್ವಲ್ಪ ಹಾಕಿಕೊಡ್ತೀರಾ?"

ಪ್ಲೈವುಡ್ಡಿನ ಹಿಂದಿನಿಂದ ಅಕ್ಕ ನಕ್ಕದ್ದು ಕೇಳಿಸಿತು. ಬಹಳ ದಿನದ ಮೇಲೆ.

ಕೊಂಬಣ್ಣ ಒಂದು ಕಂಕುಳಲ್ಲಿ ಎಂಟು ಕೊಂಬಿನ ಡಬ್ಬ ಇಟ್ಟುಕೊಂಡು, ಇನ್ನೊಂದು ತೋಳನ್ನು ಅಕ್ಕನಿಗೆ ಕೊಟ್ಟು ಮೆಟ್ಟಿಲು ಹತ್ತಿದ. ಪ್ರತಿ ತಿರುವಿನಲ್ಲೂ ಅವಳು ನಿಂತಳು, ಅವನೂ ನಿಂತ. ಎರಡನೆಯ ಮಹಡಿಯ ಬಾಗಿಲಲ್ಲಿ ಡಬ್ಬ ಕೆಳಗಿಡುತ್ತಾ ಹೇಳಿದ:

"ದನಿ ಎಷ್ಟಿರಬೇಕು ಅಂತ ನೀವೇ ಹೇಳಿ, ಅಷ್ಟೇ ಇಡ್ತೀನಿ. ಪಾಸ್‌ವರ್ಡ್ ಹಾಕೋವಾಗ ನಾನು ಹೊರಗೆ ನಿಂತಿರ್ತೀನಿ. ಅದನ್ನ ನನಗೆ ಹೇಳೋದು ಬೇಡ."