ಉಪಾಧ್ಯರ ಮೂಗು, ಹೆಬ್ಬಾರರ ದೇವರು

ಪರೇಲಿನ ಗಿರಣಿ ಗೇಟಿನ ಎದುರಿನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ವ್ಯಾಸರಾಯ ಹೆಬ್ಬಾರರದ್ದು, ಅಡುಗೆ ಸುಬ್ರಾಯ ಉಪಾಧ್ಯರದ್ದು, ಮಡಿ ಇಬ್ಬರದ್ದೂ. ಇಬ್ಬರೂ ಉಡುಪಿ ಕಡೆಯವರು. ನಾನು ಮೈಸೂರಿನ ಸತ್ಯಮೂರ್ತಿ, ವಿಮಾ ಕಂಪನಿಯೊಂದರ ಗುಮಾಸ್ತ; ಮದುವೆಯಾಗದ ತಪ್ಪಿಗೆ ಎರಡು ಹೊತ್ತೂ ಅಲ್ಲೇ ಊಟ. ಸಾಂಬಾರಿಗೆ ಬೆಲ್ಲ ಯಾಕೆ ಸುರೀತೀರಿ ಎಂದು ದಿನಕ್ಕೊಮ್ಮೆ ಜಗಳ ಆಡದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಇದು ಐವತ್ತರ ದಶಕದ ನಡುವಿನ ಮಾತು, ಉಪಾಧ್ಯರ ಮೂಗಿಗೆ ಆಪರೇಷನ್ ಆದ ವರ್ಷದ್ದು.

ಉಪಾಧ್ಯರು ಹರೆಯದಲ್ಲಿ ಮಂಗಳೂರಿನಿಂದ ಹಡಗು ಹತ್ತಿ ಬೊಂಬಾಯಿಗೆ ಬಂದವರು. ತಂದದ್ದು ಒಂದು ಜೊತೆ ಪಂಚೆ ಮತ್ತು ಒಂದು ಮೂಗು. ಪಂಚೆ ಹರಿದುಹೋಯಿತು, ಮೂಗು ಉಳಿದುಕೊಂಡು ಅನ್ನ ಹಾಕಿತು. ಸಣ್ಣ ಮೂಗೇನಲ್ಲ ಅದು. ಅಂಥ ಮೂಗು ಇದ್ದವರಿಗೆ ಬೇರೆ ಅಹಂಕಾರ ಬೇಕಾಗಿಯೂ ಇಲ್ಲ.

ಅನ್ನ ಹಾಕಿತು ಎಂದದ್ದು ಬಾಯಿಮಾತಿಗಲ್ಲ. ಹೆಬ್ಬಾರರ ಅಡುಗೆಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಒಲೆಯಿಂದ ಇಳಿದದ್ದೆಲ್ಲ ಮೊದಲು ಮೂಲೆಯಲ್ಲಿದ್ದ ಬಾಲಕೃಷ್ಣನ ಪಟದ ಮುಂದೆ ಹೋಗಬೇಕು. ನೈವೇದ್ಯವಾದ ಮೇಲೆಯೇ ಗಿರಾಕಿಗಳ ಎಲೆಗೆ. ಅದಕ್ಕೂ ಮೊದಲು ಯಾರಾದರೂ ನಾಲಿಗೆಗೆ ಒಂದು ಹನಿ ಮುಟ್ಟಿಸಿದರೆ ಇಡೀ ಕೊಪ್ಪರಿಗೆ ಎಂಜಲು. ಹಾಗಾಗಿ ಅಡುಗೆಯವರು ರುಚಿ ನೋಡುವಂತಿಲ್ಲ, ಉಪ್ಪು ಹುಳಿ ಖಾರವನ್ನೆಲ್ಲ ಮೂಗಿನಿಂದಲೇ ತಿಳಿಯಬೇಕು. ಉಪಾಧ್ಯರು ಆವಿಯ ಮೇಲೆ ಮುಖ ಹಿಡಿದು, ಒಮ್ಮೆ ಉಸಿರೆಳೆದು, ಕಣ್ಣು ಮುಚ್ಚಿ, "ಉಪ್ಪು ಒಂದು ಚಿಟಿಕೆ ಬೇಕು" ಎನ್ನುತ್ತಿದ್ದರು. ಈ ಶಿಸ್ತಿನ ವಿಷಯವನ್ನು ಹೆಬ್ಬಾರರು ಪ್ರತಿ ಹೊಸ ಗಿರಾಕಿಗೂ ಹೇಳುತ್ತಿದ್ದರು. ದೇವರಿಗೆ ಈರುಳ್ಳಿ ಆಗದೆಂದು ನೈವೇದ್ಯ ಮುಗಿದ ಮೇಲೆ ಅದೇ ಸಾಂಬಾರಿಗೆ ಬುಟ್ಟಿ ಈರುಳ್ಳಿ ಬೀಳುತ್ತಿತ್ತು. ಅದನ್ನು ಮಾತ್ರ ಹೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಒಲೆಯ ಮೇಲಿದ್ದ ಹಾಲು ತಳ ಹಿಡಿದು ಸೀದುಹೋಯಿತು. ಸೀದ ವಾಸನೆ ಗಲ್ಲಾದವರೆಗೆ ಬಂತು, ಬೀದಿಗೆ ಹೋಯಿತು, ಟ್ರಾಮಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಪಾತ್ರೆಯ ಪಕ್ಕದಲ್ಲೇ ಕೂತು ತೆಂಗಿನಕಾಯಿ ತುರಿಯುತ್ತಿದ್ದ ಉಪಾಧ್ಯರಿಗೆ ಮಾತ್ರ ಗೊತ್ತಾಗಲಿಲ್ಲ.

"ಎಂತ ಉಪಾಧ್ಯರೇ, ಮೂಗು ಊರಲ್ಲಿ ಬಿಟ್ಟು ಬಂದಿದ್ದೀರಾ?" ಎಂದರು ಹೆಬ್ಬಾರರು.

"ಸ್ವಲ್ಪ ಶೀತ ಆದದ್ದು."

"ಶೀತ ಆದ್ರೆ ಡಾಕ್ಟರಿಗೆ ತೋರಿಸಿ. ಮೂಗಿಲ್ಲದ ಭಟ್ಟರನ್ನು ಇಟ್ಟುಕೊಂಡು ನಾನು ಎಂತ ಮಾಡ್ಲಿ? ಕಾರ್ಕಳದಲ್ಲಿ ನನ್ನ ಅಕ್ಕನ ಅಳಿಯ ಉಂಟು, ಅವನದ್ದೂ ಒಳ್ಳೆ ಅಡುಗೆ."

ಕಾರ್ಕಳದ ಆ ಅಳಿಯನ ಹೆಸರೆತ್ತಿದರೆ ಉಪಾಧ್ಯರ ಮುಖ ಬಿಳಿಚಿಕೊಳ್ಳುತ್ತಿತ್ತು. ಐವತ್ತು ದಾಟಿದವರಿಗೆ, ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದವರಿಗೆ, ಕೆಲಸ ಹೋಯಿತೆಂದರೆ ಮನೆಯೂ ಹೋದ ಹಾಗೆ.

ನನಗೆ ಇಂಗ್ಲಿಷ್ ಬರುತ್ತದೆಂಬ ತಪ್ಪಿಗೆ ಉಪಾಧ್ಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಂತು. ಡಾಕ್ಟರ್ ಕಾಪಡಿಯಾ ಎಂಬ ಪಾರ್ಸಿ ವೈದ್ಯರು, ನಗುಮುಖದವರು, ಹಣೆಗೆ ಕನ್ನಡಿ ಕಟ್ಟಿಕೊಂಡು ಮೂಗಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ದೊಡ್ಡ ಮೂಗು, ನೋಡುವುದೂ ಬಹಳ ಇತ್ತು. ಕೊನೆಗೆ ನನ್ನ ಕಡೆ ತಿರುಗಿ ಹೇಳಿದ್ದಿಷ್ಟು: ಎರಡೂ ಹೊಳ್ಳೆಗಳಲ್ಲಿ ಸುಲಿದ ದ್ರಾಕ್ಷಿಯಂಥ ಗಡ್ಡೆಗಳು ಬೆಳೆದಿವೆ, ಇವರಿಗೆ ಕಡಿಮೆಯೆಂದರೂ ಎರಡು ವರ್ಷದಿಂದ ಯಾವ ವಾಸನೆಯೂ ಬರುತ್ತಿರಲಾರದು. ಕೂರಿಸಿಯೇ ತೆಗೆಯಬಹುದು, ಅದೇ ದಿನ ಮನೆಗೆ ಹೋಗಬಹುದು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನಾನು ಗುಮಾಸ್ತ, ಕೂಡಿಸಿ ಕಳೆಯುವುದು ನನಗೆ ಗೊತ್ತು. ಎರಡು ವರ್ಷದಿಂದ ವಾಸನೆಯಿಲ್ಲ, ರುಚಿ ನೋಡುವಂತಿಲ್ಲ, ಆದರೆ ಎರಡು ವರ್ಷದಿಂದ ಹೋಟೆಲಿನಲ್ಲಿ ಕೂರಲು ಜಾಗವಿಲ್ಲ!

"ಏನ್ರೀ ಇದು, ಉಪಾಧ್ಯರೇ? ಅಡುಗೆ ಹೇಗೆ ಮಾಡ್ತಿದ್ರಿ?"

ಅವರು ಆಚೀಚೆ ನೋಡಿದರು. ಬಲಗೈಯ ಕಿರುಬೆರಳನ್ನು ಎತ್ತಿ ತೋರಿಸಿದರು. ಮತ್ತೆ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಬಾಗಿಲು ಹಾಕಿ ನೋಡ್ತಿದ್ದೆ, ಮೂರ್ತಿಯವರೇ. ಮೊದಲು ನಾಲಿಗೆಗೆ, ಮತ್ತೆ ದೇವರಿಗೆ. ಎರಡು ವರ್ಷ ಕೃಷ್ಣನಿಗೆ ನನ್ನ ಎಂಜಲು ಉಣಿಸಿದ್ದೇನೆ. ನೀವು ಯಾರಿಗೂ ಹೇಳ್ಬೇಡಿ ಮಾರಾಯ್ರೆ. ಈ ಮೂಗು ಒಂದು ಸರಿ ಆದ್ರೆ ಸಾಕು, ಮತ್ತೆ ಜನ್ಮದಲ್ಲಿ ಆ ಪಾಪ ಮಾಡುದಿಲ್ಲ." ಅವರ ಕಣ್ಣು ತುಂಬಿತ್ತು. ನನಗೆ ನಗು ಬಂದದ್ದು ನಿಜ, ಅದನ್ನು ನುಂಗಿಕೊಂಡದ್ದೂ ನಿಜ. ಹೆಬ್ಬಾರರಿಗೆ ಮಾತ್ರ, "ಇತ್ತೀಚೆಗೆ ಬೆಳೆದದ್ದಂತೆ, ಹೋದ ತಿಂಗಳಿಂದ" ಎಂದು ಅನುವಾದಿಸಿ ಹೇಳಿದೆ.

ಆಪರೇಷನ್ನಿಗೆ ಸಿದ್ಧತೆ ಶುರುವಾಯಿತು. ಡಾಕ್ಟರು ಹೇಳಿದ ಸಿದ್ಧತೆ ಒಂದೇ: ನಶ್ಯ ಬಿಡಬೇಕು. ಉಪಾಧ್ಯರು ನಶ್ಯದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಾಗ, ಹೆಣ್ಣು ಒಪ್ಪಿಸುವ ತಂದೆ ಕೂಡ ಅಷ್ಟು ಕಣ್ಣೊರೆಸಿಕೊಳ್ಳಲಾರ. ಹೆಬ್ಬಾರರು ಮಾಡಿದ ಸಿದ್ಧತೆ ಜಾಸ್ತಿ. ಡಾಕ್ಟರು ಕೊಟ್ಟದ್ದು ಮಂಗಳವಾರ. ಮಂಗಳವಾರ ಕ್ಷೌರವೇ ಕೂಡದು, ಮೂಗು ಹೇಗೆ ಎಂದು ಪಂಚಾಂಗ ಹಿಡಿದು ಕೂತರು. ಪುಟ ಪುಟ ಹುಡುಕಿದರೂ ಮೂಗಿನ ವಿಷಯ ಎಲ್ಲೂ ಇರಲಿಲ್ಲವಾದ್ದರಿಂದ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ಆಮೇಲೆ, ಗುಣವಾದರೆ ಉಡುಪಿಗೆ ಬೆಳ್ಳಿಯ ಮೂಗು ಮಾಡಿಸಿ ಒಪ್ಪಿಸುವುದಾಗಿ ಹರಕೆ ಹೇಳಿಕೊಂಡರು. ಅಕ್ಕಸಾಲಿ ಉಪಾಧ್ಯರ ಮುಖ ನೋಡಿ, ಅಳತೆ ಇದೇ ತಾನೇ ಎಂದು ಕೇಳಿದಾಗ ಹೆಬ್ಬಾರರು ಬೆಚ್ಚಿಬಿದ್ದರು.

"ಇಲ್ಲಪ್ಪ. ನಾನು ಮೂಗು ಅಂತ ಹೇಳಿಕೊಂಡದ್ದು. ಉಪಾಧ್ಯರ ಮೂಗು ಅಂತ ಹೇಳಿರಲಿಲ್ಲ."

ಮಂಗಳವಾರ ಉಪಾಧ್ಯರು ಮಿಂದು, ನಾಮ ಮುದ್ರೆ ಹಾಕಿಕೊಂಡು, ಮದುಮಗನಂತೆ ಬಂದರು. ಡಾಕ್ಟರು ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ಮೂಗಿಗೆ ತುರುಕಿ ಮರಗಟ್ಟಿಸಿದರು. "ದೋ ಮಿನಿಟ್, ಮಹಾರಾಜ್" ಎಂದು ತಂತಿಯ ಕುಣಿಕೆಯೊಂದನ್ನು ಒಳಗೆ ಬಿಟ್ಟು, ಬಿಗಿದು, ಎಳೆದರು. ಆ ಎರಡು ನಿಮಿಷ ಮುಗಿಯುವಷ್ಟರಲ್ಲಿ ಉಪಾಧ್ಯರು ಹಿಡಿದುಕೊಂಡಿದ್ದ ನನ್ನ ಕೈಗೂ ಡಾಕ್ಟರನ್ನು ಕಾಣಬೇಕಾಗುವಂತಿತ್ತು. ಬಟ್ಟಲಲ್ಲಿ ಬಿದ್ದದ್ದು ನಿಜಕ್ಕೂ ದ್ರಾಕ್ಷಿಯಂತೆಯೇ ಇತ್ತು. ಆಮೇಲೆ ಒಂದು ವರ್ಷ ನಾನು ದ್ರಾಕ್ಷಿ ತಿನ್ನಲಿಲ್ಲ.

ಎರಡೂ ಹೊಳ್ಳೆಗೆ ಉದ್ದನೆಯ ಬ್ಯಾಂಡೇಜ್ ಬಟ್ಟೆ ಗಿಡಿದು, ಮೂಗು ಸೀಟಬಾರದು, ಸೀನಬಾರದು, ಹೊಗೆಯ ಹತ್ತಿರ ಹೋಗಬಾರದು ಎಂದು ಕಳಿಸಿದರು. ತೂರಾಡುತ್ತಿದ್ದ ಉಪಾಧ್ಯರನ್ನು ತೋಳು ಹಿಡಿದು ನಡೆಸಿಕೊಂಡು ಬೀದಿಗಳು ಕೂಡುವ ನಾಕಾಕ್ಕೆ ಬರುವಾಗ ಕಾನ್‌ಸ್ಟೇಬಲ್ ಅಡ್ಡ ಬಂದ. ಪಾನನಿರೋಧದ ಕಾಲ. ತೂರಾಡುವ ಮನುಷ್ಯ, ಕೆಂಪು ಕಣ್ಣು, ತೊದಲು ಮಾತು.

"ಕ್ಯಾ ರೇ, ದಾರೂ ಪಿಯಾ ಕ್ಯಾ?"

ಸಂಧ್ಯಾವಂದನೆ ತಪ್ಪಿಸದ ಉಪಾಧ್ಯರ ಬಾಯಿಗೆ ತನ್ನ ಮೂಗು ಹಿಡಿದು ಆತ ಆಳವಾಗಿ ಉಸಿರೆಳೆದ. ಆಸ್ಪತ್ರೆಯ ಔಷಧಿಯ ಘಾಟಿಗೆ ಮುಖ ಹಿಂಡಿಕೊಂಡು, "ಜಾವ್, ಜಾವ್" ಎಂದ. ಆ ದಿನ ಪರೇಲಿನಲ್ಲಿ ನೆಟ್ಟಗೆ ಕೆಲಸ ಮಾಡಿದ ಮೂಗು ಅದೊಂದೇ.

ಹೊಗೆ ಕೂಡದು ಎಂದ ಮೇಲೆ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಮಲಗಿಸುವುದು ಹೇಗೆ? ಚಾಳೆಂಬ ವಠಾರದಲ್ಲಿದ್ದ ನನ್ನ ಕೋಣೆಗೇ ಕರೆದುಕೊಂಡು ಹೋದೆ. ಅಷ್ಟು ದಿನ ಹೆಬ್ಬಾರರು ಬರೀ ಕಾಫಿ ಅವಲಕ್ಕಿಯಲ್ಲಿ ಹೋಟೆಲು ನಡೆಸಿದರು. ಚಾಳಿನಲ್ಲಿ ಒಬ್ಬನಿಗೆ ಕಾಯಿಲೆಯಾದರೆ ಉಳಿದವರೆಲ್ಲ ವೈದ್ಯರು. ಬದನೆಕಾಯಿ ನಂಜು, ಬಾಳೆಹಣ್ಣು ಶೀತ, ಹಲಸು ಎಂಬ ಹೆಸರನ್ನೂ ಎತ್ತಬಾರದು. ಎಲ್ಲರ ಪಥ್ಯವನ್ನೂ ಪಾಲಿಸಿದ್ದರೆ ಉಪಾಧ್ಯರಿಗೆ ಉಳಿಯುತ್ತಿದ್ದದ್ದು ಬಿಸಿನೀರು ಮಾತ್ರ. ಸೀನು ಬಂದಾಗಲೆಲ್ಲ ಅವರು ಎರಡೂ ಕೈಯಿಂದ ಮಂಚ ಹಿಡಿದುಕೊಂಡು, "ಕೃಷ್ಣಾ, ಈಗ ಬೇಡ" ಎನ್ನುತ್ತಿದ್ದರು.

ಬಟ್ಟೆ ತೆಗೆಸಲು ಹೋದಾಗ ದ್ರೌಪದಿಯ ಸೀರೆಯಂತೆ ಎಳೆದಷ್ಟೂ ಬಂತು. ಪೂರ್ತಿ ಹೊರಬಂದ ಮೇಲೆ ಉಪಾಧ್ಯರು ಆಸೆಯಿಂದ ಉಸಿರೆಳೆದರು. ಏನೂ ಇಲ್ಲ. ಊತ ಇಳಿಯಲಿ, ಬರುತ್ತದೆ ಎಂದರು ಡಾಕ್ಟರು. ಮನೆಗೆ ಬಂದು ಕಾಫಿಪುಡಿ ಮೂಸಿದರು, ಕರ್ಪೂರ ಮೂಸಿದರು, ನನ್ನ ಆಫೀಸಿನ ಕೋಟನ್ನೂ ಬಿಡಲಿಲ್ಲ. ದಿನ ಹೋದಂತೆ ಮಾತು ನಿಂತಿತು. "ಪಾಪ ತೀರಲಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಆಗ ನನಗೂ ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಬಿಜಾಪುರದ ಕಡೆಯ ಕಾಶವ್ವ ರೊಟ್ಟಿಗೆಂದು ಖಾರ ಕುಟ್ಟುತ್ತಿದ್ದಳು. ಮಲಗಿದ್ದ ಉಪಾಧ್ಯರು ಧಡಕ್ಕನೆ ಎದ್ದು ಕೂತರು.

"ಬೆಳ್ಳುಳ್ಳಿ!" ಎಂದು ಕಿರುಚಿದರು. "ಮೂರ್ತಿಯವರೇ, ಬೆಳ್ಳುಳ್ಳಿ! ಬೆಳ್ಳುಳ್ಳಿ ಬಂತು!"

ಹುಟ್ಟಿದಾರಭ್ಯ ಬೆಳ್ಳುಳ್ಳಿ ಮುಟ್ಟದ ಮನುಷ್ಯ ಬಾಗಿಲಿಗೆ ಓಡಿಹೋಗಿ ಅದನ್ನು ಎದೆತುಂಬ ಎಳೆದುಕೊಂಡರು. ಕಾಶವ್ವ ಒಳಕಲ್ಲು ಬಿಟ್ಟು ಎದ್ದು ಬಂದಳು.

"ಯಾಕ್ರೀ ಅಜ್ಜಾರ, ಘಾಟ ಆತೇನ್ರಿ? ಬಾಗಲಾ ಹಾಕ್ಕೊಂಡು ಕುಟ್ಲೇನು?"

"ಬೇಡಮ್ಮ, ಬೇಡ. ಕುಟ್ಟು. ಇನ್ನೂ ನಾಲ್ಕು ಎಸಳು ಹಾಕಿ ಕುಟ್ಟು" ಎಂದು ಉಪಾಧ್ಯರು ಅಳುತ್ತಾ ಕೈಮುಗಿದರು. ನನ್ನ ಕಣ್ಣಲ್ಲೂ ನೀರು ಬಂತು. ಖಾರದ ಘಾಟಿಗೆ ಎಂದುಕೊಂಡೆ.

ಮೂಗಿನೊಂದಿಗೆ ಉಪಾಧ್ಯರು ಅಡುಗೆಮನೆಗೆ ಮರಳಿದರು. ಬಾಗಿಲು ತೆರೆದಿಟ್ಟು, ನಾಲಿಗೆಗೆ ಒಂದು ಹನಿ ಮುಟ್ಟಿಸದೆ, ಆವಿ ಹಿಡಿದು ಸಾಂಬಾರು ಮಾಡಿದರು. ಇಂಗು, ಕೊತ್ತಂಬರಿ, ಮೆಂತೆ ಎಲ್ಲ ಹದವಾಗಿ, ಬೆಲ್ಲ ಹೆಸರಿಗೆ ಮಾತ್ರ. ನಾನು ಮೂರು ಸಲ ಹಾಕಿಸಿಕೊಂಡೆ, ಜಗಳ ಆಡುವುದನ್ನೇ ಮರೆತೆ. ಅದೇ ಅಪಶಕುನ.

ಏಕೆಂದರೆ ನನ್ನೊಬ್ಬನ ಹೊಟ್ಟೆಯಿಂದ ಹೋಟೆಲು ನಡೆಯುವುದಿಲ್ಲ. ಗಿರಣಿಯವರು ಮುಖ ಸಿಂಡರಿಸಿದರು. "ಭಟ್ಜೀ, ಸಾಂಬಾರ್ ಮೇ ಮಜಾ ನಹೀ" ಎಂದರು. ವಿಷಯ ಸರಳ. ವಾಸನೆಯಿಲ್ಲದ ಎರಡು ವರ್ಷ ಉಪಾಧ್ಯರ ನಾಲಿಗೆಗೆ ತಿಳಿಯುತ್ತಿದ್ದದ್ದು ಉಪ್ಪು, ಹುಳಿ, ಸಿಹಿ, ಖಾರ ಅಷ್ಟೇ. ತನಗೆ ರುಚಿ ಹತ್ತುವವರೆಗೂ ಅವನ್ನು ಸುರಿದಿದ್ದರು. ದಿನವಿಡೀ ಹತ್ತಿಯ ದೂಳು ಕುಡಿದು ಬರುವವರಿಗೆ ಬೇಕಾಗಿದ್ದದ್ದೂ ಅದೇ. ಅವರ ಮೂಗೂ ಉಪಾಧ್ಯರ ಹಳೆಯ ಮೂಗೂ ಒಂದೇ ಜಾತಿಯದ್ದಾಗಿತ್ತು. ಈಗ ಒಬ್ಬೊಬ್ಬರೇ ಪಕ್ಕದ ಬೀದಿಯ ಹೋಟೆಲಿಗೆ ದಾಟತೊಡಗಿದರು. ಹೆಬ್ಬಾರರ ಬಾಯಲ್ಲಿ ಕಾರ್ಕಳದ ಅಳಿಯ ಮತ್ತೆ ಬಂದ. ಈ ಸಲ ಬೊಂಬಾಯಿಗೆ ಹೊರಡಲು ಅವನು ತಯಾರಿದ್ದಾನೆ ಎಂಬ ಸುದ್ದಿಯೊಂದಿಗೆ.

ಒಂದು ಬೆಳಿಗ್ಗೆ ಕಾಫಿಗೆಂದು ಹಿತ್ತಲ ಬಾಗಿಲಿಗೆ ಹೋದೆ. ಉಪಾಧ್ಯರು ಕೊಪ್ಪರಿಗೆಯ ಮುಂದೆ ನಿಂತು ಕಿರುಬೆರಳನ್ನೇ ನೋಡುತ್ತಿದ್ದರು. ಪಟದ ಕಡೆ ನೋಡಿದರು. ಕಣ್ಣು ಮುಚ್ಚಿ ಬೆರಳನ್ನು ಸೌಟಿಗೆ ಅದ್ದಿ ಬಾಯಿಗಿಟ್ಟರು. ಅದೇ ಹೊತ್ತಿಗೆ ಒಳಬಾಗಿಲಿನಿಂದ ಹೆಬ್ಬಾರರು ಬಂದರು.

ಬೆರಳು ಬಾಯಲ್ಲೇ ಇತ್ತು. ಹೆಬ್ಬಾರರು ಬೆರಳು ನೋಡಿದರು, ಕೊಪ್ಪರಿಗೆ ನೋಡಿದರು, ತಿರುಗಿ ಖಾಲಿ ಬೆಂಚುಗಳನ್ನು ನೋಡಿದರು.

"ಸಿಹಿ ಸರಿ ಉಂಟಾ?" ಎಂದರು.

ಉಪಾಧ್ಯರು ತಲೆ ಅಲ್ಲಾಡಿಸಿದರು, ಇಲ್ಲ ಎಂದು.

"ಹಾಗಾದ್ರೆ ಹಾಕಿ. ಮೊದಲಿನ ಹಾಗೆ ಆಗ್ಬೇಕು." ಹೊರಟವರು ಬಾಗಿಲಲ್ಲಿ ನಿಂತರು. "ನಾಳೆಯಿಂದ ದೇವರಿಗೆ ಹಾಲು ಸಕ್ಕರೆ ಇಡಿ, ಸಾಕು. ಬಾಲಕೃಷ್ಣ ಅಲ್ವಾ, ಸಾಂಬಾರು ಅವನಿಗೆ ಖಾರ ಆಗ್ತದೆ."

ಗಲ್ಲಾದಲ್ಲಿ ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿತು. ಉಪಾಧ್ಯರು ಅಕ್ಕಿಮೂಟೆಯ ಮೇಲೆ ಕುಸಿದು ಕೂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಮೊದಲು ತಿಳಿಯಲಿಲ್ಲ, ಅಳುತ್ತಲೇ ಇದ್ದರು.

"ಎರಡು ವರ್ಷ ನಾನು ದೇವರಿಗೆ ಹೆದರಿದ್ದು ಅಂತ ಎಣಿಸಿದ್ದೆ, ಮೂರ್ತಿಯವರೇ" ಎಂದರು. "ಈಗ ನೋಡಿದ್ರೆ, ಹೆದರಿದ್ದು ಗಲ್ಲಾದಲ್ಲಿ ಕೂತವರಿಗೆ."

ಆಮೇಲೆ ಎದ್ದು ಮುಖ ಒರೆಸಿಕೊಂಡು, ಬೆಲ್ಲದ ಅಚ್ಚೊಂದನ್ನು ಒಡೆದು ಹಾಕಿ, ಕದಡಿ, ನನ್ನ ಅಂಗೈಗೆ ಒಂದು ಹನಿ ಸಾಂಬಾರು ಬಿಟ್ಟರು.

"ಬೆಲ್ಲ ಸಾಕಾ ನೋಡಿ."

ಸರಿಯಾಗಿದೆ ಎಂದೆ. ವಿಪರೀತ ಜಾಸ್ತಿಯಾಗಿತ್ತು.