ಬಸವಣ್ಣೆಪ್ಪನವರ ಕರುಳಿನ ಚೂರು

ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡೆ ಎನ್ನುವವರೆಂದರೆ ನನಗೆ ತಾತ್ಸಾರ. ಈಗಲೂ ಅಷ್ಟೇ. ಕುಡಿದವರು, ಇಲ್ಲವೇ ನಿದ್ದೆಗೆಟ್ಟವರು. ಆ ರಾತ್ರಿ ನಾನು ಚಹಾ ಬಿಟ್ಟು ಬೇರೇನೂ ಕುಡಿದಿರಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತಿದ್ದೇನೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ ನಮ್ಮ ಪ್ರಯೋಗಾಲಯ. ಕಿಟಕಿ ತೆರೆದರೆ ಎದುರಿಗೇ ಗಂಡಸರ ವಾರ್ಡು. ಉಪ್ಪಿನಬೆಟಗೇರಿಯ ಹತ್ತಿ ವ್ಯಾಪಾರಿ ಬಸವಣ್ಣೆಪ್ಪನವರ ಸಣ್ಣ ಕರುಳಿನಲ್ಲಿ ಬಾತುಹೋಗಿದ್ದ ಭಾಗವನ್ನು ಅಂದು ಮಧ್ಯಾಹ್ನ ಕತ್ತರಿಸಿ ತೆಗೆದಿದ್ದರು. ಅದರದೊಂದು ಚೂರು ನನ್ನ ಪಿಎಚ್‌ಡಿ ಪ್ರಯೋಗಕ್ಕೆಂದು ಬಂದಿತ್ತು. ಬೆಳಿಗ್ಗೆ ಒಪ್ಪಿಗೆ ಕೇಳಿದಾಗ, "ಒಯ್ರಿ ತಾಯಿ, ಹೊಟ್ಯಾಗಿದ್ದು ನನ್ನ ಜೀವಾ ತಿಂದೈತಿ. ನಿಮಗಾದ್ರೂ ಉಪಯೋಗಕ್ಕ ಬರ್ಲಿ," ಎಂದು ನಕ್ಕಿದ್ದರು.

ಎರಡು ಗಾಜಿನ ಬಟ್ಟಲುಗಳ ನಡುವೆ ಆ ಚೂರನ್ನು ಪರದೆಯಂತೆ ಬಿಗಿದು, ಎರಡೂ ಕಡೆ ಬೆಚ್ಚಗಿನ ಉಪ್ಪುನೀರು ತುಂಬಿ, ಆಮ್ಲಜನಕದ ಗುಳ್ಳೆ ಬಿಟ್ಟರೆ ಅದು ಕೆಲವು ಗಂಟೆ ಬದುಕಿರುತ್ತದೆ. ಬದುಕಿರುವಷ್ಟು ಹೊತ್ತೂ ಉಪ್ಪನ್ನು ಸಾಗಿಸುತ್ತಿರುತ್ತದೆ. ಉಪ್ಪಿನ ಕಣಗಳಲ್ಲಿ ವಿದ್ಯುತ್ತಿರುವುದರಿಂದ ಆ ಸಾಗಾಟ ಕಂಪ್ಯೂಟರಿನಲ್ಲಿ ಒಂದು ಗೆರೆಯಾಗಿ ಕಾಣುತ್ತದೆ. ಉರಿಯೂತವಾದಾಗ ಮೈ ತಾನೇ ಹಿಸ್ಟಮಿನ್‌ನಂಥ ರಾಸಾಯನಿಕಗಳನ್ನು ಸುರಿಸುತ್ತದೆ. ಆಗ ಕರುಳು ಹೀರುವುದನ್ನು ಮರೆತು ಉಪ್ಪಿನ ಕ್ಲೋರೈಡ್ ಕಣಗಳನ್ನು ಹೊರಚೆಲ್ಲುತ್ತದೆ; ನೀರು ಅದರ ಬೆನ್ನು ಹತ್ತುತ್ತದೆ. ಗೆರೆ ಮೇಲೇರುತ್ತದೆ. ರೋಗಿಗೆ ಭೇದಿ, ನಮಗೆ ಪ್ರಬಂಧ.

ಕತ್ತಲಾಗಿತ್ತು. ಹಸಿ ಕರುಳಿನ ವಾಸನೆ, ಸ್ಪಿರಿಟ್ಟಿನ ವಾಸನೆ… ಗುಳುಗುಳು ಸದ್ದು. ನಾನು ಹಿಸ್ಟಮಿನ್ ಒಂದು ಹನಿ ಬಿಟ್ಟೆ. ಗೆರೆ ಜಿಗಿಯಿತು.

"ಯವ್ವಾ…!"

ಎದುರಿನ ವಾರ್ಡಿನಿಂದ. ಬಸವಣ್ಣೆಪ್ಪನವರ ದನಿ.

ನೀರು ಬದಲಿಸಿದೆ. ಗೆರೆ ಇಳಿಯಿತು. ನರಳಾಟ ನಿಂತಿತು. ಮತ್ತೆ ಒಂದು ಹನಿ… ಮತ್ತೆ ಅದೇ ಕೂಗು.

ನನ್ನ ಕೈ ಅಲ್ಲಿಗೇ ನಿಂತಿತು. ಪಕ್ಕದ ಕೋಣೆಯಲ್ಲಿದ್ದ ನಮ್ಮ ಗೈಡ್ ಸರ್‌ಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಪಿಎಚ್‌ಡಿ ಮಾಡಾಕ ಬಂದೀಯೋ, ಮಾಟಾ ಕಲಿಯಾಕ ಬಂದೀಯೋ? ಹೊಟ್ಟಿ ಕೊಯ್ಸ್ಕೊಂಡಾವ ನರಳೂದು ಬಿಟ್ಟು ಹಾಡ್ತಾನೇನು?"

ಎದ್ದು ಬಂದು, ನಾನು ಬೇಡವೆನ್ನುತ್ತಿದ್ದರೂ ತಾವೇ ಮೂರು ಹನಿ ಸುರಿದರು.

ಆ ಚೀರಾಟ… ದನ ಒರಲಿದ ಹಾಗಿತ್ತು. "ಡಾಕ್ಟ್ರ, ಲಗೂ ಬರ್ರಿ!" ಎಂದು ಅವರ ಹೆಂಡತಿ ಗಂಗವ್ವ ಓಡುತ್ತಿದ್ದುದು ಕಿಟಕಿಯಿಂದ ಕಂಡಿತು. ಸರ್ ಚೀಲ ಎತ್ತಿಕೊಂಡು ಮನೆಗೆ ಹೋದರು.

ನಾನು ಹಿಸ್ಟಮಿನ್ನನ್ನು ತಡೆಯುವ ಔಷಧಿ ಹಾಕಿದೆ. ಗೆರೆ ಇಳಿಯಿತು. ವಾರ್ಡು ತಣ್ಣಗಾಯಿತು.

ಇನ್ನು ಸಾಕೆಂದು ಆಮ್ಲಜನಕ ನಿಲ್ಲಿಸಿದೆ. ಗೆರೆ ನೆಲ ಕಚ್ಚಿತು. ಚೂರು ಸತ್ತಿತ್ತು. ಬಹಳ ಹೊತ್ತು ಕಾದು ತಂತಿ ಬಿಚ್ಚಲು ಹೋದೆ… ಗೆರೆ ಮೆಲ್ಲಗೆ ಏಳತೊಡಗಿತು! ಹಿಸ್ಟಮಿನ್ನಿನ ಜಿಗಿತವಲ್ಲ ಅದು. ಸಕ್ಕರೆ ಸಿಕ್ಕಾಗ ಕರುಳು ಉಪ್ಪನ್ನೂ ಜೊತೆಗೆ ಒಳಗೆಳೆದುಕೊಳ್ಳುತ್ತದಲ್ಲ, ಆಗಿನ ಸಮಾಧಾನದ ಏರು. ಬಟ್ಟಲಿನಲ್ಲಿ ಸಕ್ಕರೆಯೇ ಇರಲಿಲ್ಲ.

ವಾರ್ಡಿಗೆ ಓಡಿದೆ. ಗಂಗವ್ವ ಚಮಚವನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಸಿಸ್ಟರ್‌ಗೆ ಹೇಳಬ್ಯಾಡ್ರಿ ಅಕ್ಕಾರ. ಬಾಯಿ ಒಣಗೇತಿ ಅಂದ್ರು… ಈಗಷ್ಟ ಎರಡು ಗುಟುಕು ಸಕ್ರಿ ನೀರು ಹಾಕೀನಿ."

ಬೆಳಿಗ್ಗೆ ಇದನ್ನು ಹೇಳಿದಾಗ ಸರ್ ನಕ್ಕರು. "ತಂತಿ ಸಡ್ಲ ಆಗಿರ್ಬೇಕು. ಒಗಿ ಅದನ್ನ ಹಳದಿ ಚೀಲದಾಗ."

ಹಳದಿ ಚೀಲಕ್ಕೆ ಹಾಕಿದ ಆಸ್ಪತ್ರೆಯ ಕಸವನ್ನೆಲ್ಲ ಸುಡುತ್ತಾರೆ.

"ನೀವೇ ಒಗೀರಿ ಸರ್," ಎಂದೆ.

ನಾನು ಚೂರನ್ನು ಹಾಕಿಟ್ಟಿದ್ದ ಶೀಶೆಯನ್ನು ಸರ್ ಕೈಗೆತ್ತಿಕೊಂಡರು. ಕಿಟಕಿಯಾಚೆ ನೋಡಿದರು. ಆಮೇಲೆ ಅದನ್ನು ಫ್ರೀಜರಿನಲ್ಲಿಟ್ಟು ಬೀಗ ಹಾಕಿದರು. ದೆವ್ವ ಭೂತ ಎನ್ನುವವರನ್ನು ಕತ್ತೆಗಳೆಂದು ಬೈಯುವ ಮನುಷ್ಯ… ಅಂದಿನಿಂದ ಆ ಕೀಲಿಯನ್ನು ಯಾರಿಗೂ ಕೊಟ್ಟಿಲ್ಲ.

ಬೇಸಿಗೆಯಲ್ಲಿ ಬಸವಣ್ಣೆಪ್ಪನವರು ತಪಾಸಣೆಗೆ ಬಂದರು. ಮೈ ತುಂಬಿಕೊಂಡಿತ್ತು. ಗಂಗವ್ವ ನನ್ನನ್ನು ಗುರುತಿಸಿದರು.

"ಎಲ್ಲಾ ಆರಾಮ್ರಿ ಅಕ್ಕಾರ. ಆದ್ರ ಇಂಥಾ ಬಿಸಲಾಗೂ ಹೊಟ್ಟಿಗೆ ಶಾಲು ಸುತ್ಕೋತಾರ ನೋಡ್ರಿ. ಒಳಗ ತಣ್ಣಗ ಬರ್ಫ ಇಟ್ಟಂಗ ಆಗತೈತಂತ…"

ಪಕ್ಕದಲ್ಲೇ ಸರ್ ನಿಂತಿದ್ದರು. ಅವರ ಕೈ ಫ್ರೀಜರಿನ ಕೀಲಿಯಿದ್ದ ಜೇಬಿಗೆ ಹೋಯಿತು.

ಚೂರನ್ನು ಫ್ರೀಜರಿನಿಂದ ಹೊರಗಿಟ್ಟರೆ ಕೊಳೆಯುತ್ತದೆ. ಸುಟ್ಟರೆ… ಆ ಮಾತನ್ನು ನಾವಿಬ್ಬರೂ ಇನ್ನೂ ಎತ್ತಿಲ್ಲ.