ಇಲಿ ಮಿದುಳಿನ ಮುಳ್ಳೆಣಿಸಿದವಳು

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿ ಮೇಲೆ, ಆರು ಕಂಪ್ಯೂಟರ್ ಇಟ್ಟ ಒಂದು ಕೋಣೆಯಿದೆ. ಅಲ್ಲಿ ಚೈತ್ರಶ್ರೀಗೆ ಇಲಿಯ ಮಿದುಳಿನ ಚಿತ್ರ ನೋಡುವ ಕೆಲಸ. ದೂರದ ಪ್ರಯೋಗಾಲಯವೊಂದು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನು ಕಳಿಸುತ್ತಿತ್ತು. ಕಪ್ಪು ಪರದೆ ಮೇಲೆ ಬಿಳಿ ಎಳೆ, ಎಳೆಯ ಮೈತುಂಬ ಸಣ್ಣ ಮುಳ್ಳು. ಒಂದೊಂದು ಮುಳ್ಳಿಗೂ ಗುರುತು ಹಾಕಬೇಕು: ಗಿಡ್ಡವೋ, ಉದ್ದವೋ, ಅಣಬೆಯ ಹಾಗೆ ತಲೆ ದಪ್ಪಗಿದೆಯೋ. ಜಗಳೂರು ಕಡೆಯ ಹಳ್ಳಿಯಲ್ಲಿ ಹುಟ್ಟಿ, ಬಿ.ಎಸ್ಸಿ. ಓದಿ, ಟ್ರಾಕ್ಟರ್ ಮೆಕ್ಯಾನಿಕ್ ಮಾರುತೇಶನನ್ನು ಮದುವೆಯಾಗಿ ಈ ಊರು ಸೇರಿದ್ದ ಅವಳಿಗೆ ಆ ಕೆಲಸ ಹಿಡಿಸಿತ್ತು.

ಯಾವ ಚಿತ್ರ ಯಾವ ಇಲಿಯದು ಎಂದು ಹೇಳುತ್ತಿರಲಿಲ್ಲ. ಹೇಳಿದರೆ ಎಣಿಕೆ ಒಂದು ಕಡೆ ವಾಲುತ್ತದಂತೆ. ಆದರೂ ಕೆಲವು ತಿಂಗಳಲ್ಲಿ ಎರಡು ಬಗೆಯ ಎಳೆಗಳು ಅವಳಿಗೆ ತಾವಾಗೇ ಬೇರೆ ಬೇರೆ ಕಾಣತೊಡಗಿದವು. ಕೆಲವುಗಳಲ್ಲಿ ಮುಳ್ಳು ಬಲಿತು ತಲೆ ಮೂಡಿರುತ್ತಿತ್ತು. ಇನ್ನು ಕೆಲವುಗಳಲ್ಲಿ ಬಲಿಯದ ಮುಳ್ಳುಗಳೇ ಒತ್ತೊತ್ತಾಗಿ, ಕುಂಬಳ ಬಳ್ಳಿಯ ಎಳೆಕುಡಿಯಂತೆ ಸಪೂರವಾಗಿ ಚಾಚಿಕೊಂಡಿರುತ್ತಿದ್ದವು.

ಮೊದಲ ಕಂತಿನ ಎಣಿಕೆ ಮುಗಿದ ದಿನ ಪ್ರಯೋಗಾಲಯದ ಡಾಕ್ಟರ್ ರಮ್ಯಶ್ರೀ ವಿಡಿಯೋ ಕಾಲ್‌ನಲ್ಲಿ ವಿವರ ಹೇಳಿದರು. ಮಿದುಳಿನ ಒಂದು ಕೋಶ ಇನ್ನೊಂದರ ಮಾತು ಕೇಳಿಸಿಕೊಳ್ಳುವುದು ಈ ಮುಳ್ಳುಗಳ ಮೂಲಕ. ಒಂದು ಜೀನ್ ಕೆಡಿಸಿದ ಇಲಿಗಳಲ್ಲಿ ಮುಳ್ಳು ಸರಿಯಾಗಿ ಬಲಿಯುವುದಿಲ್ಲ. ಮನುಷ್ಯರಲ್ಲಿ ಅದೇ ಜೀನ್ ಕೆಲಸ ನಿಲ್ಲಿಸಿದರೆ ಫ್ರಜೈಲ್ ಎಕ್ಸ್ ಎಂಬ ತೊಂದರೆ ಬರುತ್ತದೆ. ಅಂಥವರದು ಉದ್ದ ಮುಖ, ದೊಡ್ಡ ಕಿವಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಆಡಿದ್ದನ್ನೇ ಆಡುತ್ತಾರೆ, ಸದ್ದಾದರೆ ಕೈ ಕಚ್ಚಿಕೊಳ್ಳುತ್ತಾರೆ.

ಉಳಿದ ಐವರು ಬರೆದುಕೊಳ್ಳುತ್ತಿದ್ದರು. ಚೈತ್ರಶ್ರೀಯ ಪೆನ್ನು ನಿಂತುಹೋಯಿತು. ಡಾಕ್ಟರು ಹೇಳುತ್ತಿದ್ದುದು ತವರಿನಲ್ಲಿದ್ದ ಅವಳ ತಮ್ಮ ಕೆಂಚೇಶನ ಚಹರೆ. ಇಪ್ಪತ್ನಾಲ್ಕು ವರ್ಷದ ಅವನ ಬಲಗೈ, ಕಚ್ಚಿ ಕಚ್ಚಿ ಹೆಬ್ಬೆರಳ ಬುಡದಲ್ಲಿ ದಡ್ಡುಗಟ್ಟಿತ್ತು.

ಗಂಡುಮಕ್ಕಳಿಗೆ ಇದು ತಾಯಿಯಿಂದಲೇ ಇಳಿಯುತ್ತದೆ, ತಾಯಿಯಲ್ಲಿ ಅದು ಹೊರಗೆ ಕಾಣದೆಯೂ ಇರಬಹುದು ಎಂದರು ಡಾಕ್ಟರು. ಚೈತ್ರಶ್ರೀಗೆ ಆಗ ಮೂರು ತಿಂಗಳು.

ಅಂದಿನಿಂದ ಸ್ನಾನ ಮಾಡುವಾಗ ಅವಳು ಹೊಟ್ಟೆ ಮುಟ್ಟುವುದನ್ನೇ ಬಿಟ್ಟಳು. ಸಪೂರ ಮುಳ್ಳಿನ ಎಳೆ ಪರದೆಗೆ ಬಂದರೆ ಬೇಗ ಬೇಗ ಗುರುತು ಹಾಕಿ ದಾಟಿಸುತ್ತಿದ್ದಳು. ಮಾರುತೇಶ ಮಗುವಿನ ಹೆಸರಿನ ಮಾತೆತ್ತಿದರೆ ಸಾರು ತರುವ ನೆಪದಲ್ಲಿ ಎದ್ದುಬಿಡುತ್ತಿದ್ದಳು. ಕೆಂಚೇಶ ಹೊಟ್ಟೆಯಲ್ಲಿದ್ದಾಗ ಅವ್ವ ಬೊಮ್ಮಕ್ಕ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದಳು, ಅದಕ್ಕೇ ಹೀಗಾಯಿತು ಎಂದು ಊರು ಆಡಿಕೊಂಡಿತ್ತು. ಅವನನ್ನು ಕಟ್ಟಿಕೊಂಡು ಅವ್ವ ಸುತ್ತದ ಗುಡಿಯಿರಲಿಲ್ಲ. ಸೂರಗೊಂಡನಕೊಪ್ಪದವರೆಗೂ ಹೋಗಿ ಹರಕೆ ಹೊತ್ತು ಬಂದಿದ್ದಳು. ಆ ಬದುಕೇ ತನಗೂ ಕಾದಿದೆಯೇನೋ ಎಂದು ಚೈತ್ರಶ್ರೀ ಅಂಜಿದಳು.

ಹತ್ತು ದಿನ ತಡೆದು, ಆಮೇಲೆ ಮಹಡಿ ಮೆಟ್ಟಿಲ ಮೇಲೆ ನಿಂತು ಡಾಕ್ಟರಿಗೆ ಫೋನ್ ಮಾಡಿದಳು. ಚಹರೆ ಕೇಳಿ ಕಾಯಿಲೆ ಹೇಳಲು ಬರುವುದಿಲ್ಲ, ರಕ್ತಪರೀಕ್ಷೆಯೇ ಆಗಬೇಕು ಎಂದ ಅವರು ಮನೆಯವರ ಬಗ್ಗೆ ಒಂದೊಂದೇ ಕೇಳುತ್ತಾ ಹೋದರು.

"ನಿಮ್ಮ ತಾಯಿಯ ತಂದೆಗೆ ವಯಸ್ಸಾದ ಮೇಲೆ ಕೈ ನಡುಗ್ತಿತ್ತಾ? ನಡೆಯುವಾಗ ಓಲಾಡ್ತಿದ್ರಾ?"

ತಾತ ದುರುಗಣ್ಣ ಚೆಲ್ಲದೆ ಚಾ ಕುಡಿದದ್ದನ್ನು ಚೈತ್ರಶ್ರೀ ಕಂಡಿರಲೇ ಇಲ್ಲ. ಹೆಂಡ ಮುಟ್ಟದ ಮನುಷ್ಯನನ್ನು ಊರವರು ಕುಡುಕ ಎನ್ನುತ್ತಿದ್ದರು. ಎಂದೂ ನೋಡದ ಆ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತು? ಆ ಜೀನ್ ಅರೆಬರೆ ಕೆಟ್ಟ ಗಂಡಸರಿಗೆ ವಯಸ್ಸಾದ ಮೇಲೆ ಹೀಗಾಗಬಹುದು, ಅವರಿಂದ ಅದು ಹೆಣ್ಣುಮಕ್ಕಳಿಗೆಲ್ಲ ಇಳಿಯುತ್ತದೆ ಎಂದರು ಡಾಕ್ಟರು.

ಅಂದು ಸಂಜೆ ಮಾರುತೇಶನಿಗೆ ಎಲ್ಲ ಹೇಳಿದಳು. ಅವನು, "ಮೊದ್ಲೇ ಹೇಳಬಾರ್ದಾಗಿತ್ತಾ?" ಅಂದ. ಈ ಹತ್ತು ದಿನದ ಮಾತೋ ಮದುವೆಗೆ ಮುಂಚಿನ ಮಾತೋ ಅವಳಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಬೆಳಿಗ್ಗೆ ಅವನು ರಜೆ ಹಾಕಿ ಅವಳ ಜೊತೆ ಜಗಳೂರು ಬಸ್ಸು ಹತ್ತಿದ.

ಕೆಂಚೇಶನನ್ನು ಕರೆದುಕೊಂಡು ದಾವಣಗೆರೆಯ ಆಸ್ಪತ್ರೆಗೆ ಬಂದರು. ದಾರಿಯುದ್ದಕ್ಕೂ ಕಿವಿ ಮುಚ್ಚಿಕೊಂಡಿದ್ದವನು ಸೂಜಿ ಕಂಡು ಕಿರುಚಿ ಕೈ ಕಚ್ಚಿಕೊಂಡ. ಹಿಡಿದುಕೊಳ್ಳಲು ಇಬ್ಬರು ಬಂದರು. ಚೈತ್ರಶ್ರೀ ಅವರನ್ನು ತಡೆದು ತನ್ನ ತೋಳನ್ನೇ ಮೊದಲು ಚಾಚಿದಳು. ತಮ್ಮ ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳ ತೋಳಿಗೆ ಹತ್ತಿ ಅಂಟಿಸಿದ ಮೇಲೆ ಮೆಲ್ಲಗೆ ಬಂದು ತನ್ನ ತೋಳನ್ನೂ ಪಕ್ಕದಲ್ಲಿಟ್ಟ. ತನಗೂ ಹತ್ತಿ ಸಿಕ್ಕಿದ್ದೇ ಅದನ್ನು ತೋರಿಸಿ ಹೇಳತೊಡಗಿದ: "ಅಕ್ಕಂಗೂ ಐತೆ, ನಂಗೂ ಐತೆ."

ಊರು ಮುಟ್ಟುವ ತನಕ ಅದನ್ನೇ ಹೇಳಿದ. ಚೈತ್ರಶ್ರೀ ಕಿಟಕಿ ಕಡೆ ಮುಖ ತಿರುಗಿಸಿ ಕಂಬಿ ಹಿಡಿದು ಕೂತಿದ್ದಳು.

ಮೂರು ವಾರದ ಮೇಲೆ ಫೋನ್ ಬಂತು. ಕೆಂಚೇಶನಿಗೆ ಇದೆ, ಅವಳಿಗೆ ಇಲ್ಲ, ಹಾಗಾಗಿ ಹೊಟ್ಟೆಯಲ್ಲಿರುವ ಮಗುವಿಗೂ ಆ ಭಯವಿಲ್ಲ. ಹೆಸರು, ವಯಸ್ಸು, ನಂಬರನ್ನು ಅವಳು ಎರಡು ಸಲ ಓದಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ಕದ ಹಾಕಿಕೊಂಡು ಅತ್ತಳು. ತಮ್ಮನದು ಕೇಳಿದ ಗಳಿಗೆಯಲ್ಲೇ ತನಗೆ ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅವ್ವನಿಗೆ ಎದುರು ಕೂತೇ ಹೇಳಬೇಕೆಂದು ತವರಿಗೆ ಹೋದಳು. ಬೊಮ್ಮಕ್ಕ ಮೊರದಲ್ಲಿ ಅವರೆ ಹಸನು ಮಾಡುತ್ತಾ ಎಲ್ಲ ಕೇಳಿದಳು.

"ಹಂಗಾರೆ ಗ್ರಹಣ ಅಲ್ಲ?"

"ಅಲ್ಲವ್ವ. ತಾತನಿಂದ ನಿನಗೆ, ನಿನ್ನಿಂದ ಅವನಿಗೆ. ತಾತನ ಹೆಣ್ಣುಮಕ್ಕಳಿಗೆಲ್ಲ ಬಂದಿರ್ತತೆ. ಅವರ ಮಕ್ಕಳಲ್ಲಿ ಕೆಲವರಿಗೆ ಬರ್ತತೆ, ಕೆಲವರಿಗಿಲ್ಲ."

ಮೊರದ ಮೇಲೆ ಅವ್ವನ ಕೈ ನಿಂತಿತು. ಇಷ್ಟು ವರ್ಷದ ಅಪವಾದ ಕಳಚಿತೆಂಬ ಸಮಾಧಾನ ಆ ಮುಖದಲ್ಲಿ ಕಾಣಲಿಲ್ಲ. ಬೊಮ್ಮಕ್ಕ ತನ್ನ ತಂಗಿ ದುರ್ಗಾಂಬಿಕಾಳನ್ನು ನೆನೆಯುತ್ತಿದ್ದಳು. ಆ ತಂಗಿಯ ಮಗಳು ಸುನಿತಾಳನ್ನು ಹೊನ್ನಾಳಿಗೆ ಕೊಟ್ಟು ಇನ್ನೂ ವರ್ಷವಾಗಿರಲಿಲ್ಲ. ಅವಳೂ ಈಗ ಬಸುರಿ.

"ಅವಳಿಗೆ ಹೇಳ್ಲೇಬೇಕೇನೇ?" ಅಂದಳು ಅವ್ವ, ಮಗಳು ಬೇಡವೆನ್ನಲಿ ಎಂಬಂತೆ.

ಚೈತ್ರಶ್ರೀ ಹಿತ್ತಿಲಿಗೆ ಹೋಗಿ ಫೋನ್ ಮಾಡಿದಳು. ಸುನಿತಾ ಪೂರ್ತಿ ಕೇಳಿಸಿಕೊಂಡು, ಇದನ್ನು ತನ್ನ ಅತ್ತೆಯ ಕಿವಿಗೆ ಹಾಕಿಲ್ಲ ತಾನೆ ಎಂದಷ್ಟೇ ಕೇಳಿ ಫೋನಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಎಂಟನೇ ದಿನ ತಾನೇ ಮಾಡಿದಳು.

"ದಾವಣಗೆರೆಗೆ ಹೋಗ್ತೀನಕ್ಕ. ಒಬ್ಳೇ ಹೋಗಾಕೆ ಆಗ್ತಿಲ್ಲ."

ಚೈತ್ರಶ್ರೀ ಮಾರನೇ ದಿನ ಹೊನ್ನಾಳಿಗೆ ಹೋಗಿ ಅವಳನ್ನು ಕರೆದುಕೊಂಡು ದಾವಣಗೆರೆಗೆ ಬಂದಳು. ರಕ್ತ ತೆಗೆಯುವಾಗ ಸುನಿತಾ ಅವಳ ಬೆರಳು ಹಿಡಿದವಳು ಆಸ್ಪತ್ರೆಯ ಗೇಟು ದಾಟುವ ತನಕ ಬಿಡಲಿಲ್ಲ. ಫಲಿತಾಂಶಕ್ಕೆ ಇನ್ನೂ ಹನ್ನೊಂದು ದಿನ ಇದೆ.